ಕಲ್ಲು ಬಿಟ್ಟ ಮೀನು

ಕಳೆದ ತಿಂಗಳು ಶೃಂಗೇರಿಯ ಒಂದು ಲಾಡ್ಜಿನ ನೀರೆತ್ತುವ ಮೋಟಾರು ಸುಟ್ಟುಹೋಗಿತ್ತು. ಅದನ್ನು ಬಿಚ್ಚಿ ತರಲು ಕೊಪ್ಪದಿಂದ ಬಸ್ಸಿನಲ್ಲಿ ಹೋಗಿದ್ದೆ. ಲಾಡ್ಜಿನವರು ಪಂಪ್ ಶೆಡ್ಡಿನ ಬೀಗದ ಕೈ ಹುಡುಕುತ್ತಾ ಅರ್ಧ ಗಂಟೆ ಕಾಯಿಸಿದರು. ಸುಮ್ಮನೆ ನಿಲ್ಲುವುದು ಯಾಕೆ ಅಂತ ಹೊಳೆಯ ಮೆಟ್ಟಿಲ ಕಡೆ ನಡೆದೆ. ಅಲ್ಲಿ ಎಂದಿನಂತೆ ಯಾತ್ರಿಕರ ಗದ್ದಲ. ಮಂಡಕ್ಕಿ ಪೊಟ್ಟಣ ಹಿಡಿದು ಮೀನುಗಳಿಗೆ ಎರಚುವುದು, ಮೀನು ಮುಗಿಬಿದ್ದಾಗ ಕೂಗುವುದು, ಫೋಟೋ ತೆಗೆಯುವುದು. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ಒಬ್ಬರೇ ಕೂತಿದ್ದರು. ಅವರು ಎರಚುತ್ತಿರಲಿಲ್ಲ. ಒಂದೊಂದೇ ಹಿಡಿ ತೆಗೆದು, ನೀರಿಗೆ ಬಗ್ಗಿ, ಎಲೆಗೆ ಬಡಿಸುವ ಹಾಗೆ ಇಡುತ್ತಿದ್ದರು. ಬೆನ್ನು ನೋಡಿದ್ದೇ ಗುರುತು ಸಿಕ್ಕಿತು. ಗಿರಿಜಕ್ಕ.

ನಾನು ಕಂಬದ ಹಿಂದೆ ಸರಿದುಬಿಟ್ಟೆ. ನಲವತ್ತಾರು ದಾಟಿದ ಗಂಡಸು, ತಲೆಯಲ್ಲಿ ಅರ್ಧ ಬಿಳಿಕೂದಲು, ಕೈಯಲ್ಲಿ ಸ್ಪ್ಯಾನರಿನ ಚೀಲ, ಕಳ್ಳನ ಹಾಗೆ ಅವಿತು ನಿಂತೆ. ಅವರಿಗೆ ನಾನು ಮಾಡಿದ್ದು ಅಂಥದ್ದು. ಮೂರು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ಆ ಬೇಸಿಗೆಯಿಂದಲೇ ಶುರು ಮಾಡಬೇಕು.

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಇಳಿದರೆ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿ. ಅಂಗಡಿಯ ಬೆನ್ನಿಗೇ ಬಾಡಿಗೆ ಮನೆ. ಸುಟ್ಟ ತಂತಿ ಬಿಚ್ಚುವುದು, ಹೊಸ ತಾಮ್ರದ ತಂತಿ ಸುತ್ತುವುದು, ವಾರ್ನಿಷ್ ಹಾಕಿ ಒಣಗಿಸುವುದು, ಇಷ್ಟೇ ನನ್ನ ವಿದ್ಯೆ. ತಿರುಗುವಂಥದ್ದು ಯಾವುದೇ ಇರಲಿ, ನಿಂತರೆ ನಾನು ತಿರುಗಿಸಬಲ್ಲೆ ಎಂಬ ಕೊಬ್ಬು ಮಾತ್ರ ಬೇಕಾದಷ್ಟಿತ್ತು. ಆ ಕೊಬ್ಬಿನಿಂದಲೇ ಮನೆಯೊಳಗೆ ಹಳ್ಳ ಮಾಡಲು ಹೊರಟಿದ್ದು.

ನಮ್ಮ ಹಳ್ಳಗಳಲ್ಲಿ ನೀರು ರಭಸವಾಗಿ ಇಳಿಯುವ ಜಾಗದಲ್ಲಿ ಒಂದು ಮೀನು ಇರುತ್ತದೆ. ಬೆರಳುದ್ದ, ಹೊಟ್ಟೆ ಚಪ್ಪಟೆ, ಎರಡೂ ಪಕ್ಕದ ರೆಕ್ಕೆ ಅಗಲ ಹರಡಿ ಕಲ್ಲಿಗೆ ಅಂಟಿಕೊಂಡಿರುತ್ತದೆ. ಎಂಥ ಸೆಳವು ಬರಲಿ, ಬಿಡುವುದಿಲ್ಲ. ನಾವು ಅದಕ್ಕೆ ಕಲ್ಲುಮೀನು ಅಂತಲೇ ಹೇಳುವುದು. ಮೊದಲ ಸಲ ಎರಡು ತಂದು ಸಾದಾ ಗಾಜಿನ ತೊಟ್ಟಿಯಲ್ಲಿ ಹಾಕಿದಾಗ ಎರಡೇ ದಿನದಲ್ಲಿ ಸತ್ತವು. ಅವಕ್ಕೆ ನೀರು ಬೇಕಾದದ್ದಲ್ಲ, ಹರಿವು ಬೇಕಾದದ್ದು. ಹಟ ಬಂತು. ನರಸಿಂಹರಾಜಪುರದಲ್ಲಿ ಒಂದು ಬೇಕರಿ ಮುಚ್ಚುತ್ತಿತ್ತು, ಅದರ ಶೋಕೇಸಿನ ದಪ್ಪ ಗಾಜು ಜೀಪಿನಲ್ಲಿ ತಂದು ನಾಲ್ಕಡಿ ಉದ್ದದ ತೊಟ್ಟಿ ಅಂಟಿಸಿದೆ. ತಳದಲ್ಲಿ ಪಿವಿಸಿ ಪೈಪು ಮಲಗಿಸಿ ಮೇಲೆ ಮರಳು, ಜಲ್ಲಿ, ಉರುಟು ಕಲ್ಲು ಹರಡಿದೆ. ಒಂದು ತುದಿಯಲ್ಲಿ ಎರಡು ಪಂಪು ನೀರನ್ನು ದೂಡುತ್ತವೆ, ಇನ್ನೊಂದು ತುದಿಯಲ್ಲಿ ಸ್ಪಂಜಿನೊಳಗಿಂದ ಇಳಿದು, ತಳದ ಪೈಪಿನಲ್ಲೇ ವಾಪಸು ಪಂಪಿಗೆ ಬರುತ್ತದೆ. ಸುತ್ತುವುದು ಅದೇ ನೀರು, ಆದರೆ ಮೀನಿಗೆ ಅದು ಮುಗಿಯದ ಹಳ್ಳ. ಇಂಥ ಮೀನಿಗೆ ತಾಮ್ರ ಆಗದು ಅಂತ ಫೋನಿನಲ್ಲಿ ಓದಿದ್ದೆ. ಹಾಗಾಗಿ ಪಂಪಿನಲ್ಲಿ ನೀರಿಗೆ ತಾಗುವ ಒಂದು ಸ್ಕ್ರೂ ಕೂಡ ತಾಮ್ರದ್ದೋ ಹಿತ್ತಾಳೆಯದ್ದೋ ಇರದಂತೆ ನೋಡಿಕೊಂಡೆ. ಅಷ್ಟು ಎಚ್ಚರದ ಮನುಷ್ಯ ನಾನು! ಇದನ್ನು ನೆನಪಿಡಿ.

ಗಿರಿಜಕ್ಕ ಕಮ್ಮರಡಿ ಕಡೆಯವರು. ಒಂದು ತೋಟದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಆ ತೋಟದ ಮೋಟಾರು ರಿಪೇರಿಗೆ ಬಂದಾಗ ಜೀಪಿನಲ್ಲಿ ಜೊತೆಗೆ ಬಂದವರು, ಅಂಗಡಿಯ ಒಳಗೆ ನೀರಿನ ಸದ್ದು ಕೇಳಿ ಇಣುಕಿದರು.

"ಅಯ್ಯೋ ಮಾರಾಯ್ರೆ, ಇದು ನಮ್ಮ ಹಳ್ಳದ ಮೀನಲ್ವಾ! ಇದನ್ನ ಎಂತಕ್ಕೆ ಕಟ್ಟಿ ಹಾಕಿದ್ದು? ಬರೀ ಮುಳ್ಳು. ಸಾರಿಗೂ ಬರೂದಿಲ್ಲ."

"ತಿನ್ನೋಕಲ್ಲ ಗಿರಿಜಕ್ಕ, ನೋಡೋಕೆ."

"ನೋಡೂಕೆ!" ಅಂತ ನಕ್ಕು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತವರು ಮೋಟಾರು ರೆಡಿಯಾಗುವವರೆಗೂ ಏಳಲಿಲ್ಲ. ಚಿಕ್ಕವರಿದ್ದಾಗ ಇವನ್ನು ಕಲ್ಲಿಂದ ಬಿಡಿಸುವುದೇ ಪಂದ್ಯವಂತೆ. ಬಿಡಿಸಿದವರು ಗೆದ್ದ ಹಾಗೆ. ತಾನು ಒಂದು ಸಲವೂ ಗೆಲ್ಲಲಿಲ್ಲ ಅಂದರು.

ಅಂದಿನಿಂದ ಪ್ರತಿ ಭಾನುವಾರ ಅವರದ್ದು ನಮ್ಮಲ್ಲಿ ಹಾಜರಿ. ಭಾನುವಾರ ಕೊಪ್ಪಕ್ಕೆ ಬರುವುದು ಮೀನು ಕೊಳ್ಳಲಿಕ್ಕೆ. ಬಂಗುಡೆಯೋ ಬೂತಾಯಿಯೋ, ಮೀನಿಲ್ಲದೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. "ಮಳೆಗಾಲದಲ್ಲಿ ಮೀನು ಸಿಕ್ಕದಿದ್ರೆ ನಾನು ಅರ್ಧ ಆಗ್ತೆ" ಅನ್ನುತ್ತಿದ್ದರು. ನೀರು ತೊಟ್ಟಿಕ್ಕುವ ಆ ಚೀಲವನ್ನು ನನ್ನ ಹೆಂಡತಿ ವಸಂತಿ ಬಾಗಿಲ ಹೊರಗೇ ಇಡಿಸುತ್ತಿದ್ದಳು.

"ಅದು ಹೊರಗೇ ಇರ್ಲಿ ಗಿರಿಜಕ್ಕ. ನಮ್ಮ ಮೀನುಗಳು ನೋಡಿದ್ರೆ ಹೆದ್ರುತಾವೆ."

"ಅವಕ್ಕೆ ಹೇಳು, ನೀವು ಮುಳ್ಳಿನೋರು, ನಿಮ್ಮ ತಂಟೆಗೆ ನಾನು ಬರೂದಿಲ್ಲ ಅಂತ."

ಆ ವರ್ಷದ ಫೆಬ್ರವರಿಯ ಒಂದು ಭಾನುವಾರ ಅವರು ನಗಲಿಲ್ಲ. ಹಳ್ಳಕ್ಕೆ ಕಿಂಡಿ ಅಣೆಕಟ್ಟು ಬರುತ್ತದಂತೆ. ತೋಟಗಳಿಗೆ ಬೇಸಿಗೆಯಲ್ಲಿ ನೀರು ನಿಲ್ಲಿಸಲು. ಕಲ್ಲುಮೀನು ಇರುವ ಜಾಗಕ್ಕೇ ಕಟ್ಟೆ. ಜೆಸಿಬಿ ಇನ್ನೇನು ಬರುತ್ತದೆ, ಕಲ್ಲೆಲ್ಲ ಎತ್ತಿ ದಡಕ್ಕೆ ಪೇರಿಸುತ್ತಾರೆ, ಹಿಂದೆಲ್ಲ ಮಡು ಆಗುತ್ತದೆ.

"ನೀರು ಬೇಕಲ್ದಾ ಸುರೇಶಣ್ಣ, ಬ್ಯಾಡ ಅಂತ ಹೇಳೂಕೆ ನಾವ್ಯಾರು? ಆದ್ರೆ ನಿಂತ ನೀರಲ್ಲಿ ಅವು ಬದುಕೂದಿಲ್ಲ. ನೀವೇ ಹೇಳಿದ್ದು." ಸ್ವಲ್ಪ ಹೊತ್ತು ತೊಟ್ಟಿ ನೋಡಿದರು. "ಕಟ್ಟೆಯಿಂದ ಮೇಲೆ ಒಂದು ಸಣ್ಣ ಜರಿ ಉಂಟು. ಅಲ್ಲಿಗೆ ಹಿನ್ನೀರು ಹತ್ತೂದಿಲ್ಲ. ಈಗ ಒಣಗಿದೆ. ನೀವು ನಾಕು ಮೀನು ಎತ್ತಿಟ್ಕೊಂಡು ಮರಿ ಮಾಡ್ಸಿ. ಮಳೆ ಹಿಡಿದ್ಮೇಲೆ ಅಲ್ಲಿ ಬಿಡುವ. ನಮ್ಮ ಹಳ್ಳದ್ದು ನಮ್ಮ ಹಳ್ಳದಲ್ಲೇ ಇರ್ಲಿ."

"ಎತ್ತಿಡೋದೇನು, ನೂರು ಮರಿ ಮಾಡಿಸಿ ಕೊಡ್ತೀನಿ ನಿಮಗೆ" ಅಂದೆ.

ಅಂದುಬಿಟ್ಟೆ. ಈ ತೊಟ್ಟಿಯಲ್ಲಿ ಇಟ್ಟ ಮೀನುಗಳು ಬದುಕಿದ್ದು ನಿಜ, ಒಂದು ಮರಿಯೂ ಆಗಿರಲಿಲ್ಲ ಎಂಬುದೂ ನಿಜ. ಹಳೆಯವನ್ನು ತಂದ ಹೊಳೆಗೇ ಬಿಟ್ಟು, ಕಲ್ಲು ತೊಳೆದು, ತೊಟ್ಟಿಯನ್ನು ಗಿರಿಜಕ್ಕನ ಹಳ್ಳಕ್ಕೆ ಅಂತ ಖಾಲಿ ಮಾಡಿದೆ. ಮಾರ್ಚಿನಲ್ಲಿ ನಾವು ಮೂವರೂ ಹೋಗಿ ಬೆಳಗಿಂದ ಮಧ್ಯಾಹ್ನದವರೆಗೆ ಮೊಣಕಾಲು ನೀರಲ್ಲಿ ನಿಂತು ಹಿಡಿದೆವು. ಗಿರಿಜಕ್ಕ ಕಲ್ಲಿನ ಸುತ್ತ ಕೈ ಕಟ್ಟಿ, ಮೀನು ತಾನಾಗಿ ಅಂಗೈಗೆ ಸರಿಯುವವರೆಗೆ ಕಾಯುತ್ತಿದ್ದರು. ಹನ್ನೊಂದು ಸಿಕ್ಕಿದವು. ಮೂರನೇ ದಿನ ಜೆಸಿಬಿ ಇಳಿಯಿತು. ಒಂದು ವಾರ ಬಿಟ್ಟು ನೋಡಲು ಹೋದರೆ ನಾವು ನಿಂತ ಜಾಗ ಯಾವುದು ಅಂತಲೇ ಗೊತ್ತಾಗಲಿಲ್ಲ. ಕೆಂಪು ಕೆಸರು ಮಾತ್ರ ಇತ್ತು.

ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಅಲ್ಲಿಯವರೆಗೆ ಅದು ನನ್ನ ಹುಚ್ಚು, ಸತ್ತರೆ ಬೇರೆ ತಂದರಾಯಿತು. ಈಗ ಆ ಹಳ್ಳದ ಕಲ್ಲುಮೀನು ಅಂತ ಇದ್ದರೆ ನನ್ನ ಗೋಡೆಯ ಪಕ್ಕದ ತೊಟ್ಟಿಯಲ್ಲಿ ಮಾತ್ರ ಇದ್ದವು.

ಏಪ್ರಿಲ್ ಸುಡುತ್ತಾ ಬಂತು. ಈ ಮೀನಿಗೆ ತಣ್ಣನೆಯ ನೀರು ಬೇಕು. ಐಸ್ ಕಟ್ಟಿದ ಬಾಟಲಿಗಳನ್ನು ದಿನಕ್ಕೆ ಮೂರು ಸಲ ನೀರಲ್ಲಿ ತೇಲಿಬಿಡುತ್ತಿದ್ದೆ. ಕರೆಂಟು ಹೋದರೆ ಹಳ್ಳವೇ ನಿಲ್ಲುತ್ತದಲ್ಲ, ಮನೆಯ ಯುಪಿಎಸ್ ಬ್ಯಾಟರಿಯನ್ನು ಪಂಪಿಗೆ ಕೊಟ್ಟೆ. "ಮೀನಿಗೆ ಬ್ಯಾಟರಿ, ನಂಗೆ ಬೀಸಣಿಗೆ. ಮುಂದಿನ ಜನ್ಮದಲ್ಲಿ ನಾನೂ ಕಲ್ಲಿಗೆ ಅಂಟ್ಕೊಂಡು ಹುಟ್ತೀನಿ" ಅಂದಳು ವಸಂತಿ. ಇಷ್ಟೆಲ್ಲ ಮಾಡಿದರೂ ಸಾಯುತ್ತಲೇ ಹೋದವು. ಒಂದು ಪಂಪಿನಲ್ಲಿ ಕಸ ಸಿಕ್ಕಿ ಎರಡು. ಹೊಟ್ಟೆ ಒಳಗೆ ಹೋಗಿ ತೆಳ್ಳಗಾಗಿ ಒಂದು, ಯಾಕೆಂದರೆ ತೊಳೆದ ಕಲ್ಲಿನಲ್ಲಿ ಪಾಚಿ ಇರಲಿಲ್ಲ, ಅವಕ್ಕೆ ಪಾಚಿಯೇ ಊಟ. ಮಾಡಿನ ಮೇಲೆ ನೀರು ತುಂಬಿದ ಬೋಗುಣಿಗಳಲ್ಲಿ ಕಲ್ಲು ಮುಳುಗಿಸಿ ಬಿಸಿಲಿಗಿಟ್ಟು ಪಾಚಿ ಬೆಳೆಸಿದೆ. ಕಲ್ಲು ಹಸಿರಾಗುವ ಹೊತ್ತಿಗೆ ಇನ್ನೆರಡು ಹೋದವು. ಹನ್ನೊಂದರಲ್ಲಿ ಆರು ಉಳಿದವು.

ಬೆಳಿಗ್ಗೆ ಎದ್ದು ತೊಟ್ಟಿಯ ಕಡೆ ನೋಡಲಿಕ್ಕೇ ಭಯ. ಮೊದಲು ವಸಂತಿಯನ್ನು ಕಳಿಸುತ್ತಿದ್ದೆ. ಅವಳು ಎಣಿಸಿ "ಆರು" ಅಂದಮೇಲೆ ನಾನು ಹೋಗುವುದು. ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ರಾಶಿ ಬಿದ್ದಿತ್ತು. ಅಡಿಕೆ ಒಣಗುತ್ತಿದೆ ಅಂತ ತೋಟದವರು ಬಂದು ಬೈಯುತ್ತಿದ್ದರು. ಬೈಸಿಕೊಂಡು ಮತ್ತೆ ಗಾಜಿನ ಮುಂದೆ ಕೂರುತ್ತಿದ್ದೆ. ಮನುಷ್ಯ ಹೀಗೂ ಆಗುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಭಾನುವಾರ ಗಿರಿಜಕ್ಕ ಬಂದು ಎಷ್ಟು ಉಳಿದಿವೆ ಅಂತ ಕೇಳುತ್ತಿರಲಿಲ್ಲ. ಸುಮ್ಮನೆ ಕೂತು ತಾವೇ ಎಣಿಸಿ, "ಇರ್ಲಿ, ಆರು ಉಂಟಲ್ಲ" ಅಂದು ಹೋಗುತ್ತಿದ್ದರು. ಅದು ಬೈದದ್ದಕ್ಕಿಂತ ಕಷ್ಟವಾಗುತ್ತಿತ್ತು.

ಮೇ ಮೊದಲ ವಾರ ಗುಡುಗಿ ಒಂದು ಮಳೆ ಬಂತು. ಮಾಡಿನಿಂದ ಇಳಿದ ತಣ್ಣನೆಯ ನೀರನ್ನು ಹಿಡಿದು ಸೋಸಿ, ಒಂದೊಂದೇ ಚೊಂಬು ತೊಟ್ಟಿಗೆ ಸುರಿದೆ. ಹಳ್ಳಕ್ಕೆ ಹೊಸ ನೀರು ಬಂದಂತೆ ಆಗಲಿ ಅಂತ. ಮಾರನೇ ದಿನ ದೊಡ್ಡ ಗಂಡು ಮೀನು ಪಂಪಿನ ಬಾಯೆದುರಿನ ಜಲ್ಲಿಯಲ್ಲಿ ಬಾಲ ಬಡಿದು ಬಡಿದು ಒಂದು ಗುಳಿ ತೋಡಿತು. ಮಧ್ಯಾಹ್ನ ಹೆಣ್ಣು ಅದರೊಳಗೆ ಇಳಿಯಿತು. ಎರಡೂ ಪಕ್ಕಪಕ್ಕ ನಡುಗಿ, ಜಲ್ಲಿ ಹಾರಿಸಿ, ಎದ್ದು ಹೋದವು. ಮೊಟ್ಟೆ ಕಾಣಲಿಲ್ಲ. ಮೂರು ವಾರ ಏನೂ ಇಲ್ಲ. ಇದೂ ಸುಳ್ಳು ಅಂತ ಕೈಚೆಲ್ಲಿದೆ.

ಮೇ ಕೊನೆಗೆ ಒಂದು ಬೆಳಿಗ್ಗೆ ಗಾಜು ಒರೆಸುತ್ತಿದ್ದೆ. ಒಳಗೆ ಒಂದು ರೆಪ್ಪೆಕೂದಲು ಅಂಟಿತ್ತು. ಒರೆಸಿದರೂ ಹೋಗಲಿಲ್ಲ. ಕನ್ನಡಕ ಹಾಕಿ ನೋಡಿದರೆ ಅದಕ್ಕೆ ಎರಡು ಕಣ್ಣು. ಅಂಥ ಹರಿವಿನಲ್ಲಿ, ಅಷ್ಟು ಸಣ್ಣದು, ಗಾಜು ಹಿಡಿದು ನಿಂತಿತ್ತು. ನಾನು ವಸಂತಿಯನ್ನು ಕೂಗಿದ ರೀತಿಗೆ ಅವಳು ಶಾಕ್ ಹೊಡೆಯಿತು ಅಂತ ಮೈನ್ ಸ್ವಿಚ್ ಆಫ್ ಮಾಡಿ ಓಡಿಬಂದಳು. ಬೈದು ಮತ್ತೆ ಹಾಕಿಸಿದೆ. ಇಬ್ಬರೂ ಎಣಿಸಿದೆವು. ಹದಿನಾಲ್ಕು.

ಫೋನ್ ಮಾಡಿದೆ. ಗಿರಿಜಕ್ಕ ಕೆಲಸ ಬಿಟ್ಟು ಮಧ್ಯಾಹ್ನದ ಬಸ್ಸಿಗೇ ಬಂದರು, ಕಾಲಿನ ಮಣ್ಣು ಕೂಡ ತೊಳೆದಿರಲಿಲ್ಲ. ಕಣ್ಣಿಗೆ ಕಾಣುವುದೇ ತಡವಾಯಿತು. ಕಂಡ ಮೇಲೆ ಗಾಜಿಗೆ ಹಣೆ ಒತ್ತಿ ಕೂತರು.

"ಇಷ್ಟೇ ಇಷ್ಟು ಇದ್ದು ಬಿಡೂದಿಲ್ಲಲ್ಲ ಮಾರಾಯ್ರೆ, ಹಿಡ್ದದ್ದನ್ನ!" ಅಂದರು. ಕಣ್ಣು ಒರೆಸಿಕೊಂಡರು. ನನಗೂ ಬಂತು. ಆ ವರ್ಷದಲ್ಲಿ ನನಗೆ ಸುಖ ಅಂತ ಇದ್ದದ್ದು ಅದೊಂದು ಮಧ್ಯಾಹ್ನ.

ಜೂನ್ ಶುರುವಿಗೆ ಗಾಳಿಮಳೆ. ಮರ ಬಿದ್ದು ಕಂಬಗಳು ಸಾಲಾಗಿ ಮಲಗಿದವು, ಕರೆಂಟು ಎರಡು ದಿನ ಬರಲಿಲ್ಲ. ಮೊದಲ ದಿನ ಸಂಜೆಗೇ ಬ್ಯಾಟರಿ ಸತ್ತಿತು. ಹಳ್ಳ ನಿಂತಿತು. ನಾನೂ ವಸಂತಿಯೂ ಪಾಳಿ ಮೇಲೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿದೆವು. ಅವಳು ಒಂದು ಸಲವೂ ಗೊಣಗಲಿಲ್ಲ. ಎರಡನೇ ದಿನ ಬೆಳಿಗ್ಗೆ ನೀರು ಮಸುಕಾಗಿತ್ತು. ಮೀನುಗಳು ಮೇಲೆ ಬಂದು ಗಾಜಿನ ಅಂಚು ಹಿಡಿದು ಬಾಯಿ ತೆರೆಯುತ್ತಿದ್ದವು. ನೀರು ಬದಲಿಸಲೇಬೇಕು. ನಲ್ಲಿಯಲ್ಲಿ ಹೊಸ ಮಳೆಗೆ ಅಂತ ಹಾಕಿದ ಬ್ಲೀಚಿಂಗ್ ಪೌಡರಿನ ವಾಸನೆ, ಮನೆಯ ಬಾವಿ ಕದಡಿ ಕೆಂಪಾಗಿತ್ತು. ಸೋಸಿಟ್ಟ ಮಳೆನೀರು ನಿನ್ನೆಯೇ ಮುಗಿದಿತ್ತು. ಗಾಳಿಗೆ ಮಾಡಿನ ಮೇಲೆಲ್ಲ ಎಲೆ ಕಸ ಬಿದ್ದು, ಹೊಸದಾಗಿ ಹಿಡಿದದ್ದು ಚಹಾದ ಬಣ್ಣಕ್ಕೆ ಬಂತು. ಗಿರಿಜಕ್ಕ ಹೇಳಿದ್ದ ಮೇಲಿನ ಜರಿಯಲ್ಲಿ ಆಗಲೇ ತಿಳಿನೀರು ಇಳಿಯಲು ಶುರುವಾಗಿತ್ತು. ಗೂಡ್ಸ್ ಆಟೋ ಮಾಡಿಕೊಂಡು, ಎರಡು ಕ್ಯಾನ್ ಹಾಕಿಕೊಂಡು ಓಡಿದೆ.

ಗಿರಿಜಕ್ಕ ತೋಟದ ಬದಿಯಲ್ಲೇ ಸಿಕ್ಕಿದರು. ಕ್ಯಾನ್ ತುಂಬಿಸಿದೆವು. ನೋಡಿದರೆ ಎಲ್ಲಿಗೂ ಸಾಲದು. ದೂರ ಬಂದಿದ್ದೇನೆ, ಇನ್ನೊಂದು ಸಲ ಬರುವಷ್ಟು ಹೊತ್ತು ಆ ಮೀನುಗಳು ಇರುವುದಿಲ್ಲ. ಪಂಪ್ ಮನೆಯ ಪಕ್ಕ ನೀಲಿ ಪ್ಲಾಸ್ಟಿಕ್ಕಿನ ದೊಡ್ಡ ಡ್ರಮ್ ಕಂಡಿತು.

"ಅದ್ರಲ್ಲಿ ತುಂಬಿಸುವ" ಅಂದೆ.

"ಅದು ಬ್ಯಾಡ ಸುರೇಶಣ್ಣ. ಮೊನ್ನೆ ಮದ್ದು ಕಲ್ಸಿದ ಡ್ರಮ್ಮು."

ಮದ್ದು ಅಂದರೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆ ಬಾರದಂತೆ ಹೊಡೆಯುವ ದ್ರಾವಣ. ಸುಣ್ಣ, ಮೈಲುತುತ್ತ, ನೀರು. ನಮ್ಮ ಕಡೆ ಅದನ್ನು ಯಾರೂ ವಿಷ ಅನ್ನುವುದಿಲ್ಲ. ಬರಿಗೈಯಲ್ಲಿ ಕಲಸುತ್ತೇವೆ, ಮೈಮೇಲೆ ಬೀಳಿಸಿಕೊಳ್ಳುತ್ತೇವೆ, ಅಂಗಿಯ ನೀಲಿ ಕಲೆ ಹೋಗಲಿಲ್ಲ ಅಂತ ನಗುತ್ತೇವೆ. ಆ ವಾಸನೆ ಬಂದರೆ ಮಳೆ ಬಂತು ಅಂತ ಅರ್ಥ, ಅಷ್ಟೇ.

"ತೊಳೆದ್ರೆ ಆಯ್ತಪ್ಪ. ವರ್ಷ ವರ್ಷ ನಿಮ್ಮ ಕೈಗೆ ಅಂಟೋದಿಲ್ವಾ? ನಿಮಗೇನಾಗಿದೆ?"

"ನಾನು ಮನುಷ್ಯಳು ಮಾರಾಯ್ರೆ. ಅವು ರೆಪ್ಪೆಕೂದ್ಲಷ್ಟು ಇದ್ದಾವೆ. ಬ್ಯಾಡ."

"ಗಿರಿಜಕ್ಕ, ಮೀನಿನ ವಿಷಯ ನಂಗೆ ಗೊತ್ತೋ ನಿಮಗೆ ಗೊತ್ತೋ? ಅಲ್ಲಿ ಸಾಯ್ತಾ ಇದ್ದಾವೆ!"

ದನಿ ಏರಿತ್ತು. ಅವರು ಬೂದಿ ತಂದು, ತೆಂಗಿನ ನಾರು ತಂದು, ಡ್ರಮ್ಮನ್ನು ಮಗುಚಿ ಅರ್ಧ ಮೈ ಒಳಗಿಟ್ಟು ತಿಕ್ಕಿದರು. ನಾಲ್ಕು ಸಲ ತೊಳೆದರು. ನಾನು ಗಡಿಯಾರ ನೋಡುತ್ತಾ "ಸಾಕು, ಸಾಕು" ಅನ್ನುತ್ತಿದ್ದೆ.

ಮನೆಗೆ ಬಂದು ಹಳೆಯ ನೀರು ಮುಕ್ಕಾಲು ಪಾಲು ತೆಗೆದು ಹೊಸದು ತುಂಬಿಸಿದೆ. ನೀರು ಗಾಜಿನಷ್ಟು ತಿಳಿ. ಒಂದು ಗಂಟೆಗೆ ಸರಿಯಾಗಿ ಕರೆಂಟೂ ಬಂತು. ಪಂಪು ಗುಂಯ್ ಅಂತು, ಹಳ್ಳ ಹರಿಯಿತು, ಮೀನುಗಳೆಲ್ಲ ಕಲ್ಲಿಗೆ ಇಳಿದವು. ವಸಂತಿ ಎರಡು ದಿನದಲ್ಲಿ ಮೊದಲ ಸಲ ನೆಟ್ಟಗೆ ಊಟಕ್ಕೆ ಕೂತಳು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಕೈ ತೊಳೆದು ಬಂದು ನೋಡಿದಾಗ ಗಾಜಿನ ಮೇಲೆ ಒಂದು ಮರಿಯೂ ಇರಲಿಲ್ಲ. ಎಲ್ಲಾ ಸ್ಪಂಜಿನ ಬಾಯಿಗೆ ಸೆಳೆದುಹೋಗಿ ಬಿಳಿಚಿ ಅಂಟಿದ್ದವು. ನೋಡುತ್ತಿದ್ದ ಹಾಗೆ ಒಂದು ದೊಡ್ಡ ಮೀನು ಕಲ್ಲಿನಿಂದ ಜಾರಿತು. ಮತ್ತೆ ಹಿಡಿಯಲು ನೋಡಿತು, ರೆಕ್ಕೆ ನಿಲ್ಲಲಿಲ್ಲ. ಹರಿವು ಅದನ್ನು ಉರುಳಿಸಿಕೊಂಡು ಹೋಯಿತು. ಯಾವುದನ್ನು ಗಿರಿಜಕ್ಕ ಬಾಲ್ಯವಿಡೀ ಕಲ್ಲಿಂದ ಬಿಡಿಸಲಾರದೆ ಸೋತಿದ್ದರೋ ಅದು ತಾನಾಗಿ ಕಲ್ಲು ಬಿಟ್ಟಿತು. ಒಂದಾದ ಮೇಲೆ ಒಂದು. ನಾನು ಹುಚ್ಚನ ಹಾಗೆ ಬಕೆಟ್ಟಿಗೆ ನಲ್ಲಿನೀರು ಹಿಡಿದೆ, ಚೆಲ್ಲಿದೆ, ಹಳೆಯ ನೀರು ಚರಂಡಿಯಲ್ಲಿ ಉಳಿದಿದೆಯೇ ಅಂತ ಓಡಿದೆ. ಗುಳಿ ತೋಡಿದ ಗಂಡು ಕೊನೆಯದು. ಪಂಪಿನ ಎದುರಿನ ಕಲ್ಲು ಹಿಡಿದು ಸಂಜೆಯವರೆಗೂ ಇತ್ತು. ಕೈ ನೀರಿಗೆ ಹಾಕಿ ಅಡಿಯಲ್ಲಿ ಅಂಗೈ ಹಿಡಿದೆ. ಅಂಗೈಗೆ ಬಿತ್ತು.

ಡ್ರಮ್ಮನ್ನು ಬೆಳಕಿಗೆ ಒಯ್ದು ನೋಡಿದೆ. ಮೈಯೆಲ್ಲ ಶುದ್ಧ. ಮುಚ್ಚಳದ ಅಂಚಿನ ಸಂದಿಯಲ್ಲಿ ಉಗುರಿನಷ್ಟು ಉದ್ದಕ್ಕೆ ಒಣಗಿದ ನೀಲಿ ಗೆರೆ. ಆಟೋ ಕುಲುಕಿದಾಗೆಲ್ಲ ನೀರು ಅದನ್ನು ತೊಳೆಯುತ್ತಾ ಬಂದಿತ್ತು. ಮೈಲುತುತ್ತ ಅಂದರೆ ತಾಮ್ರವೇ. ಶಾಲೆಯಲ್ಲಿ ಓದಿದ್ದೇನೆ. ದಿನಾ ತಾಮ್ರದ ತಂತಿ ಸುತ್ತುವ ಕೈ ನನ್ನದು, ಪಂಪಿನ ಸ್ಕ್ರೂ ಬದಲಿಸಿದ ಮನುಷ್ಯ ನಾನು. ಅಡಿಕೆಯ ಮದ್ದನ್ನು ಮಾತ್ರ ತಾಮ್ರ ಅಂತ ತಿಳಿಯಲಿಲ್ಲ. ಮೀನಿನ ವಿಷಯ ನನಗೆ ಗೊತ್ತು ಅಂತ ಕೂಗಿದ್ದೆ.

ಇಷ್ಟೇ ಆಗಿದ್ದರೆ ತಪ್ಪು ಅನ್ನಬಹುದಿತ್ತು. ಭಾನುವಾರ ಗಿರಿಜಕ್ಕ ಬಂದರು. ಚೀಲವನ್ನು ವಸಂತಿ ಹೇಳುವ ಮೊದಲೇ ಬಾಗಿಲ ಹೊರಗಿಟ್ಟು, ನಗುತ್ತಾ ಒಳಗೆ ಬಂದರು. ಅಂಗಡಿಯಲ್ಲಿ ಮೋಟಾರಿಗೆ ಬಂದ ಇಬ್ಬರು ಗಿರಾಕಿಗಳೂ ಇದ್ದರು. ತೊಟ್ಟಿಯಲ್ಲಿ ಬರೀ ನೀರು ಹರಿಯುತ್ತಿತ್ತು. ಪಂಪು ನಿಲ್ಲಿಸಲು ನನಗೆ ಮನಸ್ಸಾಗಿರಲಿಲ್ಲ.

"ಎಲ್ಲಿ ಸುರೇಶಣ್ಣ?"

ನಾನು ಅವರ ಮುಖ ನೋಡಲಿಲ್ಲ. "ಡ್ರಮ್ ಸರಿಯಾಗಿ ತೊಳೆದಿರಲಿಲ್ಲ ನೀವು" ಅಂದೆ. "ಮದ್ದು ಉಳಿದಿತ್ತು. ಎಲ್ಲಾ ಹೋದವು."

ಬೇಡ ಅಂದಿದ್ದೆನಲ್ಲ ಅಂತ ಅವರು ಹೇಳಬಹುದಿತ್ತು. ಹೇಳುತ್ತಾರೆ ಅಂತ ಕಾದೆ, ಹೇಳಿದ್ದರೆ ಉಸಿರಾಡುತ್ತಿದ್ದೆ. ಅವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ನೀಲಿ ಇತ್ತು.

"ಮುಚ್ಳ ತೊಳ್ದಿರ್ಲಿಲ್ಲ ನಾನು" ಅಂದರು. "ಒಳಗೇ ತಿಕ್ಕಿದೆ. ಮುಚ್ಳ ಮರ್ತೆ."

ಗಿರಾಕಿಗಳಲ್ಲಿ ಒಬ್ಬ "ಕೆಲಸದೋರ ಕೈಲಿ ಕೊಟ್ರೆ ಹಂಗೇ" ಅಂದ. ನಾನು ಅವನ ಬಾಯಿ ಮುಚ್ಚಿಸಲಿಲ್ಲ. ಗಿರಿಜಕ್ಕ ಹೊರಟು ಹೋದರು. ಬಾಗಿಲ ಹೊರಗಿನ ಬಂಗುಡೆ ಚೀಲವನ್ನು ಎತ್ತಿಕೊಳ್ಳಲಿಲ್ಲ. ವಸಂತಿ ಚೀಲ ಹಿಡಿದು ರಸ್ತೆಯವರೆಗೆ ಕೂಗುತ್ತಾ ಹೋದಳು, ಅವರು ತಿರುಗಲಿಲ್ಲ. ವಾಪಸು ಬಂದ ವಸಂತಿ ಕೇಳಿದಳು, "ಆ ಡ್ರಮ್ಮಲ್ಲಿ ತುಂಬ್ಸಿ ಅಂತ ಹೇಳಿದ್ದು ಯಾರು?" ನಾನು ಮೋಟಾರು ಬಿಚ್ಚುತ್ತಾ ಕೂತೆ. ಅವಳಿಗೆ ಉತ್ತರ ಸಿಕ್ಕಿತು ಅನ್ನಿಸುತ್ತದೆ, ಮತ್ತೆ ಕೇಳಲಿಲ್ಲ.

ಮೀನು ತಂದು ತೋರಿಸಿದರೆ ಎಲ್ಲಾ ಸರಿಹೋಗುತ್ತದೆ ಎಂಬ ಹುಚ್ಚಿನಲ್ಲಿ ಮರುವಾರ ಸಿರಿಮನೆ ಜಲಪಾತಕ್ಕೆ ಹೋದೆ. ಅದೇ ಜಾತಿ ಅಲ್ಲಿಯಾದರೂ ಸಿಗಬಹುದು ಅಂತ. ಜಲಪಾತದ ಕೆಳಗೆ ನೀರು ಕೆಂಪಾಗಿ ಅಬ್ಬರಿಸುತ್ತಿತ್ತು, ಕಾಲಿಡಲೂ ಆಗಲಿಲ್ಲ. ಸಿಕ್ಕಿದ್ದರೂ ಅವು ಗಿರಿಜಕ್ಕನ ಹಳ್ಳದವಲ್ಲ. ಒದ್ದೆಯಾಗಿ ಬಸ್ಸಿಗೆ ಕಾಯುತ್ತಾ ನಿಂತಾಗ ಜೋರಾಗಿ ಅತ್ತೆ. ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಪ್ರತಿವರ್ಷ ಮಳೆ ಇಳಿದ ಮೇಲೆ ಆ ಮೇಲಿನ ಜರಿಗೆ ಕದ್ದು ಹೋಗಿ ಕಲ್ಲು ಕಲ್ಲು ಮುಟ್ಟಿ ನೋಡಿದ್ದೇನೆ. ಪಾಚಿ ಚೆನ್ನಾಗಿ ಬೆಳೆದಿದೆ. ತಿನ್ನುವವರಿಲ್ಲ. ತೊಟ್ಟಿಯ ಗಾಜು ಬಿಚ್ಚಿ ಮನೆಯ ಹಿಂದೆ ನಿಲ್ಲಿಸಿದ್ದೇನೆ. ಗಿರಿಜಕ್ಕ ನಮ್ಮ ಅಂಗಡಿಯ ಕಡೆ ಮತ್ತೆ ಬರಲೇ ಇಲ್ಲ.

ಅವರು ಈಗ ಶೃಂಗೇರಿಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಇಡುತ್ತಿದ್ದರು. ಲಾಡ್ಜಿನವರು ಮೇಲಿನಿಂದ ನನ್ನನ್ನು ಹೆಸರು ಹಿಡಿದು ಕೂಗಿದರು. ಗಿರಿಜಕ್ಕ ತಿರುಗಿ ನೋಡಿದರು. ಇನ್ನು ಕಂಬದ ಹಿಂದೆ ನಿಲ್ಲುವಂತಿರಲಿಲ್ಲ. ಇಳಿದು ಹೋದೆ.

"ಚೆನ್ನಾಗಿದ್ರಾ ಸುರೇಶಣ್ಣ? ವಸಂತಿ ಚೆನ್ನಾಗಿದ್ದಾಳಾ?" ಅಂದರು, ಏನೂ ಆಗಿಲ್ಲದ ಹಾಗೆ. ತುಂಬಾ ಇಳಿದುಹೋಗಿದ್ದರು. ನಾನು ಹಳೆಯ ತಮಾಷೆಗೆ ಕೈಹಾಕಿದೆ. "ಏನು, ಇವತ್ತು ಚೀಲದಲ್ಲಿ ಬಂಗುಡೆ ಇಲ್ವಾ?"

"ಅದನ್ನ ಬಿಟ್ಟೆ" ಅಂದರು. "ಆ ಭಾನ್ವಾರದಿಂದ ಮೀನು ಬಾಯಿಗಿಟ್ಟಿಲ್ಲ. ಮೂರು ವರ್ಷ ಆಯ್ತು. ಮರಿ ಸಮೇತ ಕೊಂದೆನಲ್ಲ, ನಮ್ಮ ಹಳ್ಳದ ಸಂತಾನವೇ ಹೋಯ್ತು. ವರ್ಷಕ್ಕೊಂದು ಸಲ ಇಲ್ಲಿಗೆ ಬಂದು ಇವಕ್ಕಾದ್ರೂ ಹಾಕಿ ಹೋಗ್ತೆ. ತಪ್ಪಿಗೆ."

ನಿಂತಿದ್ದವನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. "ಗಿರಿಜಕ್ಕ, ನೀವು ಕೊಂದದ್ದಲ್ಲ. ನೀವು ಬೇಡ ಅಂದ್ರಿ. ಎರಡು ಸಲ ಅಂದ್ರಿ. ತುಂಬಿಸಿ ಅಂದವನು ನಾನು, ಸಾಕು ಸಾಕು ಅಂತ ತೊಳೆಯೋಕೂ ಬಿಡದವನು ನಾನು. ಎಲ್ಲರೆದುರು ನಿಮ್ಮ ಮೇಲೆ ಹಾಕಿದೆ. ನಂಗೆ ಗೊತ್ತಿತ್ತು. ಆವತ್ತೇ ಗೊತ್ತಿತ್ತು."

ಅವರು ಹೊಳೆ ನೋಡುತ್ತಾ ಇದ್ದರು. ಮೀನುಗಳು ಮೆಟ್ಟಿಲ ಅಂಚಿಗೆ ಬಂದು ಬಾಯಿ ತೆರೆದು ಕಾಯುತ್ತಿದ್ದವು.

"ಆವತ್ತೇ ಗೊತ್ತಿತ್ತಾ?"

"ಹೌದು."

"ಮೂರು ವರ್ಷ" ಅಂದರು. ಸೆರಗಿನಲ್ಲಿದ್ದ ಮಂಡಕ್ಕಿ ಚೂರುಗಳನ್ನು ಕೊಡವಿಕೊಂಡು ಎದ್ದರು. ಕೈಯಲ್ಲಿದ್ದ ಪೊಟ್ಟಣವನ್ನು ನನ್ನ ಕೈಗೆ ಇಟ್ಟರು.

"ತಗೊಳ್ಳಿ. ಹಂಗಾದ್ರೆ ಇದು ನೀವು ಹಾಕ್ಬೇಕಾದದ್ದು."

ನಾಲ್ಕು ಮೆಟ್ಟಿಲು ಹತ್ತಿ ನಿಂತರು.

"ನಾನು ಹೋಗ್ತೆ. ಕೊಪ್ಪದಲ್ಲಿ ಮೀನಿನಂಗಡಿ ಬಾಗ್ಲು ಹಾಕೂದ್ರೊಳಗೆ ಮುಟ್ಬೇಕು."

ಅವರು ಬಸ್ ಸ್ಟ್ಯಾಂಡಿನ ಕಡೆ ಬೇಗ ಬೇಗ ನಡೆದು ಹೋದರು. ಪೊಟ್ಟಣದಲ್ಲಿ ಇನ್ನೂ ಅರ್ಧ ಇತ್ತು. ನಾನು ಕೆಳಗಿನ ಮೆಟ್ಟಿಲಿಗೆ ಇಳಿದು, ಬಗ್ಗಿ, ಒಂದು ಹಿಡಿ ನೀರಿಗೆ ಇಟ್ಟೆ.